ಕೈ ರೂಢಿ

ಮಗಳಿಗೆ ಶೇಂಗಾ ಆಗುವುದಿಲ್ಲ, ತಿಂದರೆ ಉಸಿರೇ ಕಟ್ಟುತ್ತದೆ ಎಂದು ಮನೆಯ ಅಮ್ಮ ಮೂರು ಸಲ ಹೇಳಿದ್ದರು. ಹೊಸದಾಗಿ ಅಡುಗೆಗೆ ಸೇರಿದ ಗುರವ್ವ ಹಸಿ ಸೊಪ್ಪಿಗೆ ಪೇರಲಹಣ್ಣು ಹೆಚ್ಚಿಹಾಕಿ, ಮೇಲೆ ಚೀಸ್ ತುರಿದು ಕೊಟ್ಟಳು.

ಹುಡುಗಿ ಚಮಚ ಎತ್ತಿದಳು. ಸೊಪ್ಪಿನ ಮೇಲೆ ಬಿಳಿ ತರಿ ಕಂಡು ಗುರವ್ವನ ಎದೆ ಧಸಕ್ಕೆಂದಿತು. ಊರಲ್ಲಿ ಹಸಿ ಸೊಪ್ಪಿನ ಪಚಡಿಗೆಲ್ಲ ಶೇಂಗಾ ಪುಡಿ ಉದುರಿಸಿಯೇ ಪಳಗಿದ ಕೈ ಅದು.

"ತಿನ್ನಬ್ಯಾಡವ್ವಾ!" ಬಟ್ಟಲು ಕಸಿದುಕೊಂಡಳು.

"ಏನು ಹಾಕಿದೆ?" ಅಮ್ಮ ಓಡಿಬಂದರು.

"ಕೈ ರೂಢಿ ರೀ... ಶೇಂಗಾ ಪುಡಿ ಹಾಕಿಬಿಟ್ಟೀನ್ರೀ."

"ನಮ್ಮನೇಲಿ ಅದೆಲ್ಲಿದೆ?"

"ನನ್ನ ಬುತ್ಯಾಗ ಇತ್ರೀ."

"ನಡಿ ಆಚೆ. ನಾಳೆಯಿಂದ ಬರಬೇಡ."

ಬಸ್‌ಸ್ಟಾಪಿನಲ್ಲಿ ಕೂತು ಗುರವ್ವ ರೊಟ್ಟಿಯ ಬುತ್ತಿ ಬಿಚ್ಚಿದಳು. ಶೇಂಗಾ ಪುಡಿಯ ಪೊಟ್ಟಣಕ್ಕೆ ಬೆಳಿಗ್ಗೆ ತಾನೇ ಬಿಗಿದಿದ್ದ ಗಂಟು ಹಾಗೇ ಇತ್ತು.