ಸಾವಿರಕ್ಕೆ ಒಂದು

"ಇರೋ ಸೊಳ್ಳೆ ಸಾಲದು ಅಂತ ಇನ್ನಷ್ಟು ತಂದು ಬಿಡ್ತೀರಾ? ಬೆಂಕಿ ಆರಿಸೋಕೆ ಎಣ್ಣೆ ಸುರಿಯೋ ಬುದ್ಧಿ ಯಾರು ಕೊಟ್ರು ನಿಮಗೆ?"

ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಇಳಿದು ಬಂದ ದರ್ಜಿ, ಸಂಶೋಧನಾಲಯದ ವ್ಯಾನಿಗೆ ಅಡ್ಡ ನಿಂತ. ಹೋದ ತಿಂಗಳಷ್ಟೇ ಅವನ ಮೊಮ್ಮಗಳು ಡೆಂಗಿ ಜ್ವರದಿಂದ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಅವನ ಬೆನ್ನಿಗೆ ಬೀದಿಯೇ ನಿಂತಿತು. ವ್ಯಾನಿನಿಂದಿಳಿದ ಯುವ ವಿಜ್ಞಾನಿ ಪುಸ್ತಕದ ಭಾಷೆಯಲ್ಲಿ ಏನೋ ವಿವರಿಸಲು ಹೋಗಿ, ಮೂರನೆಯ ವಾಕ್ಯಕ್ಕೇ ತಡವರಿಸಿದ.

"ನೀನು ಸ್ವಲ್ಪ ಸುಮ್ನಿರಪ್ಪ," ಎನ್ನುತ್ತಾ ಸಂಶೋಧನಾಲಯದಲ್ಲಿ ಸೊಳ್ಳೆ ಸಾಕುವ ಸೊಳ್ಳೆಯಮ್ಮ ಬಲೆ ಹೊದಿಸಿದ ಡಬ್ಬವನ್ನು ಅವುಚಿಕೊಂಡು ಕೆಳಗಿಳಿದಳು. "ನೋಡಿ ಅಣ್ಣ, ಇದರಲ್ಲಿರೋವೆಲ್ಲ ಗಂಡು. ಗಂಡು ಸೊಳ್ಳೆ ಕಚ್ಚಲ್ಲ. ಸಕ್ಕರೆ ನೀರು ಕುಡ್ಕೊಂಡು ಅಲೀತಾ ಇರತ್ತೆ, ಅಷ್ಟೆ. ಇವನ್ನ ಮರಿ ಆಗದ ಹಾಗೆ ಮಾಡಿದೀವಿ, ನಿಮ್ಮ ಬೀದೀಲಿರೋ ಹೆಣ್ಣು ಸೊಳ್ಳೆ ಜೊತೆ ಇವು ಕೂಡಿದ್ರೆ ಆ ಮೊಟ್ಟೆ ಒಡೆಯಲ್ಲ. ಹುಟ್ಟೋದೇ ನಿಂತ್ಮೇಲೆ ಕಚ್ಚೋಕೆ ಯಾರಿರ್ತಾರೆ?"

"ಎಲ್ಲಾ ಗಂಡೇ ಅಂತ ನೋಡಿದೋರ್ಯಾರು?"

"ನಾನು."

ಆ ಒಂದು ಮಾತಿನಲ್ಲಿ ಏಳು ವರ್ಷದ ಹೆಮ್ಮೆಯಿತ್ತು. ಸೊಳ್ಳೆ ಇನ್ನೂ ನೀರಿನಲ್ಲಿ ಮರಿಯಾಗಿರುವಾಗಲೇ ಹೆಣ್ಣು ಮೈ ತುಂಬಿಕೊಂಡಿರುತ್ತದೆ, ಗಂಡು ಒಣಕಲು. ಜರಡಿ ಹಿಡಿದ ಮೇಲೂ ಉಳಿದುಕೊಂಡ ಹೆಣ್ಣುಗಳನ್ನು ದೀಪದಡಿ ಕಣ್ಣಿಟ್ಟು ಒಂದೊಂದಾಗಿ ಆರಿಸಿ ತೆಗೆಯುವುದು ಆಕೆಯ ಕೆಲಸ. ಸಂಶೋಧನಾಲಯದವರು ಇಟ್ಟ ಸೊಳ್ಳೆಯಮ್ಮ ಎಂಬ ಅಡ್ಡಹೆಸರಿಗೆ ಮನೆಯಲ್ಲಿ ನಾದಿನಿ ಮೂಗು ಮುರಿಯುತ್ತಿದ್ದಳು. ಬಂದವರ ಮುಂದೆ "ನಮ್ಮತ್ತಿಗೆ ಆಫೀಸಲ್ಲಿದ್ದಾರೆ" ಎಂದು ತೇಲಿಸಿಬಿಡುತ್ತಿದ್ದಳು. "ಆಫೀಸೂ ಇಲ್ಲ, ಗೀಫೀಸೂ ಇಲ್ಲ, ಸೊಳ್ಳೆ ಸಾಕ್ತೀನಿ," ಎಂದು ಈಕೆ ಒಳಗಿನಿಂದಲೇ ಕೂಗಿ ತಿದ್ದುತ್ತಿದ್ದಳು.

"ಸಾವಿರ ಇವೆ ಇದರಲ್ಲಿ. ಹತ್ತು ನಿಮಿಷ ನನ್ನ ಕೈ ಒಳಗಿಡ್ತೀನಿ," ಎಂದಳು. "ಒಂದೇ ಒಂದು ಕಚ್ಚಿದ್ರೂ ಡಬ್ಬ ವಾಪಸ್."

ವ್ಯಾನಿನ ಮೆಟ್ಟಿಲ ಮೇಲೆ ಕೂತು, ರವಿಕೆಯ ತೋಳು ಮೇಲೆ ಮಡಚಿ, ಡಬ್ಬದ ಬಟ್ಟೆಯ ಬಾಯಿಯಿಂದ ಮೊಣಕೈವರೆಗೂ ಕೈ ಇಳಿಸಿದಳು. ಅಷ್ಟು ಹೊತ್ತು ಬಾಯಿ ಮಾಡಿದ ಜನರಲ್ಲಿ ಒಬ್ಬರೂ ಹತ್ತಿರ ಬರಲಿಲ್ಲ. ದರ್ಜಿ ದೂರದಿಂದಲೇ ತನ್ನ ಅಂಗಡಿಯ ಗಡಿಯಾರ ನೋಡುತ್ತಾ ನಿಂತ. ಐದು ನಿಮಿಷ ಕಳೆಯಿತು. ಆರಾಯಿತು. "ಪಾಪ, ಉಪವಾಸ ಇರ್ಬೇಕು," ಎಂದು ಯಾರೋ ನಕ್ಕರು. ಸೊಳ್ಳೆಯಮ್ಮನೂ ನಕ್ಕಳು.

ಎಂಟನೆಯ ನಿಮಿಷಕ್ಕೆ ಮಣಿಕಟ್ಟಿನ ಕೆಳಗೆ ಚುರುಕ್ಕೆಂದಿತು.

ಬೇರೆಯವರಾಗಿದ್ದರೆ ಭ್ರಮೆ ಅಂದುಕೊಳ್ಳುತ್ತಿದ್ದರು. ಮೊಟ್ಟೆಗಾಗಿ ಸಾಕಿದ ಹೆಣ್ಣು ಸೊಳ್ಳೆಗಳಿಗೆ ಏಳು ವರ್ಷ ತನ್ನ ಕೈಯನ್ನೇ ಊಟಕ್ಕೆ ಒಡ್ಡಿದವಳಿಗೆ ಆ ಚುಚ್ಚು ಯಾರದೆಂದು ಹೇಳಿಕೊಡಬೇಕಿರಲಿಲ್ಲ. ಆಕೆಯ ಹುಬ್ಬು ಗಂಟಾದದ್ದನ್ನು ಕಂಡು ವಿಜ್ಞಾನಿ ಬಗ್ಗಿದ.

"ಕಚ್ತಾ?"

"ಹೂಂ."

"ಸುಮ್ನಿದ್ಬಿಡಿ ಅಮ್ಮ," ಅವನು ಪಿಸುಗುಟ್ಟಿದ. "ಸಾವಿರಕ್ಕೆ ಒಂದು ಇರಬಹುದು ಅಂತ ನಿಯಮದಲ್ಲೇ ಇದೆ. ನಮ್ಮಲ್ಲೇ ಹುಟ್ಟಿದ್ದು, ಅದಕ್ಕೆ ರೋಗ ಇಲ್ಲ. ಈವತ್ತು ತಪ್ಪಿದ್ರೆ ಈ ಬೀದಿ ನಮಗೆ ಇನ್ಯಾವತ್ತೂ ಸಿಗಲ್ಲ. ಇನ್ನೆರಡೇ ನಿಮಿಷ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನ ಮೂರು ವರ್ಷದ ದುಡಿಮೆ ಈ ಬೀದಿಗೆ ಬಂದು ನಿಂತಿದೆ ಎಂಬುದೂ ಆಕೆಗೆ ಗೊತ್ತಿತ್ತು. ಆದರೆ ನಿಯಮ ಬರೆದವರು ಬೇರೆ ಯಾರೋ. ಒಂದೂ ಇಲ್ಲ ಎಂದು ಮಾತು ಕೊಟ್ಟವಳು ತಾನು. ಸೊಳ್ಳೆಯಮ್ಮ ಕೈ ಹೊರಗೆಳೆದು ಮೇಲೆತ್ತಿ ಹಿಡಿದಳು.

"ಕಚ್ಚಿದೆ! ಒಂದು ಹೆಣ್ಣು ನನ್ನ ಕಣ್ಣು ತಪ್ಪಿಸಿ ಬಂದಿದೆ. ಅದಕ್ಕೆ ರೋಗ ಇಲ್ಲ, ಸಾವಿರಕ್ಕೊಂದನ್ನ ನಿಯಮಾನೂ ಒಪ್ಪತ್ತೆ. ಆದ್ರೆ ನಾನು ಒಪ್ಪಲ್ಲ. ಇದು ವಾಪಸ್ ಹೋಗತ್ತೆ, ಬೇರೆ ಸಾವಿರ ಆರಿಸ್ತೀನಿ."

"ನಾವು ಹೇಳ್ಲಿಲ್ವಾ?" ಎಂದು ಗುಂಪು ಗೊಳ್ಳೆಂದಿತು. ವಿಜ್ಞಾನಿ ಕಣ್ಣು ಮುಚ್ಚಿಕೊಂಡ. ಸೊಳ್ಳೆಯಮ್ಮನ ಕಿವಿ ಬಿಸಿಯಾಯಿತು. ಇಷ್ಟು ಜನರ ಮುಂದೆ ತನ್ನ ಕೈಕೆಲಸ ಸೋತದ್ದು ಇದೇ ಮೊದಲು. ಹಾಗಿದ್ದೂ ತಲೆ ತಗ್ಗಿಸಬೇಕು ಎಂದು ಆಕೆಗೆ ಅನ್ನಿಸಲೇ ಇಲ್ಲ. ಡಬ್ಬದ ಬಾಯಿ ಬಿಗಿದು ಕಟ್ಟಿ ಎದ್ದು ನಿಂತಳು.

ದರ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಸಾಸಿವೆಯಷ್ಟು ಕೆಂಪಗೆ ಎದ್ದಿದ್ದ ಗುಳ್ಳೆಯನ್ನು ನೋಡಿದ.

"ನೀವು ಬಾಯಿ ಬಿಡದಿದ್ರೆ ಇದು ನಮಗೆ ಕಾಣ್ತಿತ್ತಾ?"

"ಇಲ್ಲ."

"ಒಂದಕ್ಕೋಸ್ಕರ ಸಾವಿರಾನೂ ವಾಪಸ್ ಒಯ್ತೀರಾ?"

"ಆರಿಸಿದ ಕೈ ನಂದಲ್ವಾ, ಅಣ್ಣ."

ದರ್ಜಿ ಕನ್ನಡಕವನ್ನು ಮತ್ತೆ ಹಣೆಗೇರಿಸಿದ. ಆಮೇಲೆ ಪಕ್ಕಕ್ಕೆ ಸರಿದು ವ್ಯಾನು ತಿರುಗಿಸಲು ದಾರಿ ಬಿಟ್ಟ. ಆಕೆ ಹತ್ತಿ ಕೂತ ಮೇಲೆ ಕಿಟಕಿಯ ಬಳಿ ಬಂದ.

"ಮುಂದಿನ ವಾರ ತನ್ನಿ," ಎಂದ. "ಮೊದಲನೇ ಡಬ್ಬ ನಮ್ಮ ಬಾಗಿಲಲ್ಲೇ ತೆಗೀರಿ. ನನ್ನ ಮೊಮ್ಮಗಳು ಪಕ್ಕದಲ್ಲೇ ಕೂತು ನೋಡ್ತಾಳೆ."