ಕೂಡಿ ಮಾಡುವ ಪ್ರಾರ್ಥನೆ

ಚರ್ಚಿನ ಸಭೆ ಒಡೆದು ಎಂಟು ತಿಂಗಳಾಗಿತ್ತು. ಎರಡೂ ಗುಂಪುಗಳು ಕೋರ್ಟಿಗೆ ಹೋಗಿದ್ದವು. ರಾಜಿಯಾಗದಿದ್ದರೆ ನಾಳೆ ಬೆಳಿಗ್ಗೆ ಚರ್ಚಿಗೆ ಬೀಗ ಬೀಳುತ್ತದೆ ಎಂಬ ಆದೇಶ ಬಂದಿತ್ತು. ಚರ್ಚಿನ ಗಂಟೆ ಬಾರಿಸುವ ಮುದುಕಿ ದೊರ್ಕಮ್ಮ, "ಸಂಜೀ ಐದಕ್ಕ ಕೂಡಿ ಪ್ರಾರ್ಥನೆ ಐತಿ, ಬರ್ರಿ" ಎಂದು ಕರೆದಿದ್ದಳು.

ಐದಕ್ಕೆ ಒಂದು ಗುಂಪಿನ ಮುಂದಾಳು ಸತ್ಯಾನಂದ ಬಂದ. ಅವನ ಹಿಂದೆಯೇ ಇನ್ನೊಂದು ಗುಂಪಿನ ಮುಂದಾಳು ದಾನಿಯೇಲಪ್ಪ ಬಂದು ದೂರದ ಬೆಂಚಿನಲ್ಲಿ ಕೂತ. ಐದೂವರೆಯಾದರೂ ಬೇರೆ ಯಾರೂ ಬರಲಿಲ್ಲ. ಸತ್ಯಾನಂದ ನಾಲ್ಕು ಸಲ ಎದ್ದು ಬಾಗಿಲಿನವರೆಗೆ ಹೋಗಿಬಂದ.

"ನಿಮ್ಮ ಮಂದೀನ ನೀವ ತಡದಿರಬೇಕು," ಎಂದ ದಾನಿಯೇಲಪ್ಪ.

"ನಾ ಯಾರನ್ನೂ ತಡದಿಲ್ಲ. ನೀವ ತಡದೀರಿ."

"ಇಲ್ರಿ. ನನ್ನ ಸ್ವಂತ ತಮ್ಮನೂ ಬಂದಿಲ್ಲ ನೋಡ್ರಿ."

ಸತ್ಯಾನಂದ ಖಾಲಿ ಬೆಂಚುಗಳನ್ನು ನೋಡಿದ. "ಹಂಗಾರ ಮಂದಿಗೆ ನಮ್ಮಿಬ್ಬರ ಮ್ಯಾಲೂ ಬ್ಯಾಸರ ಬಂದೈತಿ. ಬೀಗ ಬಿದ್ರೂ ಅವರಿಗೆ ಏನೂ ಅನಸೂದಿಲ್ಲ."

ದಾನಿಯೇಲಪ್ಪ ಎದ್ದು ಬಂದು ಅವನ ಪಕ್ಕದಲ್ಲೇ ಮೊಣಕಾಲೂರಿದ. ಸತ್ಯಾನಂದನೂ ಊರಿದ. ಇಬ್ಬರೂ ಕೂಡಿ ಪ್ರಾರ್ಥನೆ ಮಾಡಿದರು.

ಬೆಳಿಗ್ಗೆಯೇ ಎರಡೂ ಅರ್ಜಿ ಹಿಂದಕ್ಕೆ ಪಡೆಯುವುದೆಂದು ಮಾತಾಡಿಕೊಂಡು ಇಬ್ಬರೂ ಹೊರಬಂದರು. ಮೆಟ್ಟಿಲ ಮೇಲೆ ದೊರ್ಕಮ್ಮ ಕೂತಿದ್ದಳು.

"ಇಷ್ಟು ದೊಡ್ಡ ಸಭೆಯೊಳಗ ಒಬ್ಬರೂ ಬರಲಿಲ್ಲಲ್ಲಬೇ," ಎಂದ ದಾನಿಯೇಲಪ್ಪ.

"ಹೆಂಗ ಬರ್ತಾರ?" ಎಂದಳು ಮುದುಕಿ. "ನಿಮ್ಮಿಬ್ಬರನ್ನ ಬಿಟ್ಟು ನಾ ಯಾರಿಗೂ ಹೇಳೇ ಇಲ್ಲ."