ತೊರಿಬಿಯೊನ ಮಗನಲ್ಲದವನು

ಮೂರನೆಯ ಸಾಕ್ಷಿಯೂ ಶಿಲುಬೆ ಮುಟ್ಟಿ ಸುಳ್ಳು ಹೇಳಿ ಹೊರಬಂದ. ಛತ್ರದ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಬಲ್ತಸಾರ್‌ಗೆ ಹೊಟ್ಟೆ ತಣ್ಣಗಾಯಿತು. ಹಂದಿ ಕಾಯುತ್ತಿದ್ದ ತೊರಿಬಿಯೊಗೂ ಬಲ್ತಸಾರ್ ಸಾಹೇಬರಿಗೂ ಸುತರಾಂ ಸಂಬಂಧವಿಲ್ಲ, ಸಾಹೇಬರದು ಹಳೆಯ ಕುಲೀನ ಮನೆತನ ಎಂದು ಬಡಗಿ, ಕುಂಬಾರ, ಕೊನೆಗೆ ಚರ್ಚಿನ ಗಂಟೆ ಬಾರಿಸುವವನೂ ಪ್ರಮಾಣ ಮಾಡಿದ್ದರು. ತಲೆಗೊಂದು ಉಪ್ಪು ಹಾಕಿದ ಹಂದಿತೊಡೆ ಎಂದು ಮಾತಾಗಿತ್ತು. ಗಂಟೆಯವನು ದೇವರಿಗೆ ಹತ್ತಿರದವನಲ್ಲವೇ, ಎರಡು ಕೇಳಿದ್ದ.

ಎಸ್ತ್ರೆಮದುರಾ ಸೀಮೆಯ ಆ ಊರಿಗೆ ಹಿಡಿದಿದ್ದ ರೋಗ ಒಂದೇ. ಇಲ್ಲಿ ಕೂಳಿಗೆ ಗತಿಯಿಲ್ಲದವರು ಹಡಗು ಹತ್ತಿ ಪೆರುವಿಗೆ ಹೋಗಿ, ತಮಗೇನೂ ಕೇಡು ಬಗೆಯದ ಜನರ ಕತ್ತು ಕೊಯ್ದು, ಬೆಳ್ಳಿ ತಂದು, ಬಾಗಿಲ ಮೇಲೆ ಕಲ್ಲಿನ ಸಿಂಹ ಕೆತ್ತಿಸಿ ಕೂತಿದ್ದರು. ಇತ್ತ ಹಳೆಯ ಕುಲೀನರೋ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಬಲ್ತಸಾರ್ ಮಾತ್ರ ಸಮುದ್ರವನ್ನೇ ಕಂಡವನಲ್ಲ. ಆ ಹಡಗುಗಳಿಗೆ ಪೀಪಾಯಿಗಟ್ಟಲೆ ಹಂದಿಮಾಂಸ ಮಾರಿಯೇ ಅವರೆಲ್ಲರಿಗಿಂತ ದೊಡ್ಡ ಮನೆ ಕಟ್ಟಿದ್ದ. ಸಿಂಹವನ್ನೂ ಕೆತ್ತಿಸಿಟ್ಟಿದ್ದ. ಅದನ್ನು ಬಾಗಿಲ ಮೇಲೆ ಏರಿಸಲು ಕುಲೀನ ಎಂಬ ಪಟ್ಟವೊಂದು ಬೇಕಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಇನ್ನೇನಾಗುತ್ತದೆ?

ಅಪ್ಪ ಅಜ್ಜಂದಿರು ಕುಲೀನರೆಂದು ತೋರಿಸಿದವನಿಗೆ ಆ ರಾಜ್ಯದಲ್ಲಿ ಕಂದಾಯವಿಲ್ಲ, ಚರ್ಚಿನಲ್ಲಿ ಮುಂದಿನ ಪೀಠ, ಹೆಸರಿಗೆ ಮೊದಲು ‘ದೊನ್’ ಎಂಬ ಗೌರವ. ಹೋದ ವರ್ಷ ಬಲ್ತಸಾರ್ ಗ್ರನಾದಾದ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದ. ಅಂಥ ಅರ್ಜಿ ಹೋದರೆ ಅಲ್ಲಿಂದ ಒಬ್ಬ ಬಂದು ಊರಿನ ಹಿರಿಯರನ್ನು ಪ್ರಮಾಣದ ಮೇಲೆ ವಿಚಾರಿಸುವುದು ಪದ್ಧತಿ. ಹಾಗಾಗಿ ಮೊನ್ನೆ ಉರ್ಬಿನಾ ಎಂಬ ನೋಟರಿ ರಾಜಮುದ್ರೆಯ ಕಾಗದ ಹಿಡಿದು ಹೇಸರಗತ್ತೆಯಿಂದ ಇಳಿದು, “ಹಂದಿ ಕಾಯೋ ತೊರಿಬಿಯೊನ ಮಗ ಬಲ್ತಸಾರ್ ಅಂದ್ರೆ ಯಾರು?” ಎಂದು ಕೇಳಿದಾಗ ಇದು ತನ್ನ ಅರ್ಜಿಯ ವಿಚಾರಣೆಯೇ ಎಂದು ಬಲ್ತಸಾರ್‌ಗೆ ಅನ್ನಿಸಿತ್ತು. ಯಾವನೋ ಹೊಟ್ಟೆಕಿಚ್ಚಿನವನು ದೂರು ಬರೆದಿದ್ದಾನೆ!

ಬಂದ ಕೆಲಸವೇನೆಂದು ನೋಟರಿ ಯಾರಿಗೂ ಬಾಯಿ ಬಿಡಲಿಲ್ಲ. ಅಜ್ಜ ಮುತ್ತಜ್ಜರ ಸುದ್ದಿಯನ್ನೇ ಎತ್ತಲಿಲ್ಲ. ತೊರಿಬಿಯೊಗೆ ಎಷ್ಟು ಮಕ್ಕಳು, ಇಪ್ಪತ್ತೆರಡು ವರ್ಷದ ಹಿಂದೆ ಹಡಗು ಹತ್ತಿದ ಹಿರಿಯ ಮಗ ಗಿನೆಸ್‌ಗೆ ಇಲ್ಲದಿದ್ದ ಬೆರಳು ಯಾವುದು, ಬರೀ ಇದೇ. ಎಂಥ ಗುಳ್ಳೆನರಿ, ಸುತ್ತಿ ಬಳಸಿ ನನ್ನ ಬುಡಕ್ಕೇ ಬರುತ್ತಿದ್ದಾನೆ ಎಂದುಕೊಂಡ ಬಲ್ತಸಾರ್.

ಉಳಿದದ್ದು ಒಂದೇ ಸಾಕ್ಷಿ. ತೀರಿಹೋದ ತೊರಿಬಿಯೊನ ಹೆಂಡತಿ, ಬಲ್ತಸಾರ್‌ನನ್ನು ಹೆತ್ತ ಮೆನ್ಸಿಯಾ.

ಅವಳು ಓಕ್ ತೋಪಿನ ಅಂಚಿನ ಗುಡಿಸಲಲ್ಲಿ ಇನ್ನೂ ಹಂದಿ ಕಾಯುತ್ತಿದ್ದಳು. ಬಲ್ತಸಾರ್ ಹಿಂದಿನ ದಿನವೇ ಹೋಗಿ, ಬೂಟಿಗೆ ಕೆಸರು ತಾಗದಂತೆ ನಿಂತು, ಹೇಳಬೇಕಾದ್ದನ್ನು ಗಿಳಿಪಾಠ ಮಾಡಿಸಿದ್ದ. ಯಾರೋ ದೊಡ್ಡ ಮನೆತನದವರು ಕೂಸನ್ನು ತಂದು ಒಪ್ಪಿಸಿದರು, ನಾನು ಸಾಕಿದೆ ಅಷ್ಟೇ ಅನ್ನಬೇಕು. ಹಾಗೆ ಅಂದರೆ ಹೊಸ ಮನೆಯ ಅಡಿಗೆಕೋಣೆಯ ಪಕ್ಕ ಮಲಗಲು ಜಾಗ. ಅತಿಥಿಗಳು ಬಂದಾಗ ಮಾತ್ರ ಕಣ್ಣಿಗೆ ಬೀಳಬಾರದು.

ಮೆನ್ಸಿಯಾ ಹಂದಿಗಳ ಮುಂದೆ ಓಕ್ ಕಾಯಿ ಸುರಿದಳು. ಆಮೇಲೆ ಕೇಳಿದಳು: “ಗಿನೆಸ್ ವಿಷಯ ಯಾಕೆ ಕೆದಕ್ತಾನೆ ಅವನು?”

“ನಿನಗ್ಯಾಕೆ ಅದು? ಹೇಳ್ಕೊಟ್ಟಿದ್ದನ್ನ ಹೇಳು.”

“ಹೇಳ್ತೀನಿ. ಆದ್ರೆ ಶಿಲುಬೆ ಮುಟ್ಟಿ ಆಡಿದ ಮಾತನ್ನ ನಾನು ಮತ್ತೆ ತಿದ್ದೋಳಲ್ಲ. ಯೋಚನೆ ಮಾಡ್ಕೋ.”

ಯೋಚನೆ ಮಾಡುವುದೇನಿತ್ತು! ಅವನಿಗೆ ಬೇಕಾದದ್ದೂ ಅದೇ.

ಈಗ ಅವಳು ನೋಟರಿಯ ಮುಂದೆ ನಿಂತು, ಕಣ್ಣು ಮಿಟುಕಿಸದೆ, ತಾನು ಹೆತ್ತದ್ದು ಗಿನೆಸ್ ಒಬ್ಬನನ್ನೇ ಎಂದಳು. ಬಲ್ತಸಾರ್ ಸಾಹೇಬರು ಯಾರೆಂದು ಕೇಳಿದಾಗ, “ಅವರು ದೊಡ್ಡೋರು ಸ್ವಾಮಿ. ಒಂದಷ್ಟು ದಿನ ನನ್ನ ಗುಡಿಸಲಲ್ಲಿದ್ರು” ಎಂದಳು.

ಕೊನೆಗೆ ಬಲ್ತಸಾರ್‌ನ ಸರದಿ. ನೋಟರಿ ಲೇಖನಿ ಅದ್ದಿ, ಒಂದೊಂದೇ ಮಾತು ಬಿಡಿಸಿ ಕೇಳಿದ: “ಚೆನ್ನಾಗಿ ಜ್ಞಾಪಿಸ್ಕೊಳ್ಳಿ. ಈ ಗಿನೆಸ್ ನಿಮಗೆ ಏನೂ ಆಗ್ಬೇಕಿಲ್ವಾ?”

“ಹಂದಿ ಕಾಯೋನ ಮಗ ನನಗೇನಾಗ್ಬೇಕು?” ಬಲ್ತಸಾರ್ ಮೂಗು ಮುರಿದ. “ಬೇಕಿದ್ರೆ ದಪ್ಪಕ್ಷರದಲ್ಲಿ ಬರ್ಕೊಳ್ಳಿ.”

ನೋಟರಿ ಬರೆದುಕೊಂಡ. ಬಲ್ತಸಾರ್ ಶಿಲುಬೆ ಮುಟ್ಟಿದ, ಸುರುಳಿಸುರುಳಿಯಾಗಿ ಸಹಿ ಹಾಕಿದ, ಗ್ರನಾದಾದಿಂದ ಪಟ್ಟ ಯಾವಾಗ ಬರುತ್ತದೆ ಎಂದು ಕೇಳಿದ.

“ಗ್ರನಾದಾನಾ?” ನೋಟರಿ ತಲೆಯೆತ್ತಿದ. “ನಾನು ಬಂದಿರೋದು ಸೆವಿಲ್ಯದಿಂದ. ಸಮುದ್ರದಾಚೆ ಸತ್ತೋರ ಆಸ್ತಿಗೆ ವಾರಸುದಾರರನ್ನ ಹುಡುಕೋದು ನನ್ನ ಕೆಲಸ.”

ಅವನು ಇನ್ನೊಂದು ಕಾಗದ ಬಿಚ್ಚಿ ಓದಿದ. ಪೆರುವಿನ ಪೊತೊಸಿಯಲ್ಲಿ ಎರಡು ಬೆಳ್ಳಿಗಣಿಗಳ ಒಡೆಯನಾಗಿದ್ದ ಗಿನೆಸ್ ಜ್ವರ ಬಂದು ಸತ್ತಿದ್ದ. ಗಣಿಯ ಗುಂಡಿಗಳಲ್ಲಿ ಸತ್ತ ಅಲ್ಲಿನವರ ಲೆಕ್ಕ ಉಯಿಲಿನಲ್ಲಿ ಇರಲಿಲ್ಲ; ಅಂಥ ಲೆಕ್ಕ ಯಾರಿಡುತ್ತಾರೆ? ಬೆಳ್ಳಿಯ ಲೆಕ್ಕ ಮಾತ್ರ ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ಅರ್ಧ ತಾಯಿಗೆ, ಅರ್ಧ ತಮ್ಮ ಬಲ್ತಸಾರ್‌ಗೆ. ತಮ್ಮನಿಲ್ಲದಿದ್ದರೆ ಪೂರ್ತಿ ತಾಯಿಗೆ. ಆ ಬೆಳ್ಳಿಯಲ್ಲಿ ಈ ಊರನ್ನು, ಅದರ ಕಲ್ಲುಸಿಂಹಗಳನ್ನೆಲ್ಲ ಸೇರಿಸಿ, ಎರಡು ಸಲ ಕೊಳ್ಳಬಹುದಿತ್ತು.

“ಮೊದಲೇ ಹೇಳ್ಬಾರದಿತ್ತಾ?” ಬಲ್ತಸಾರ್ ತಾನು ಸಹಿ ಹಾಕಿದ ಕಾಗದಕ್ಕೆ ಕೈಚಾಚಿದ.

“ಮೊದಲೇ ಹೇಳಿದ್ರೆ ಊರಿಗೂರೇ ಸತ್ತೋನ ತಮ್ಮಂದಿರಾಗ್ತಾರೆ ಸಾಹೇಬರೇ. ನೀವೊಬ್ರೇ ಪ್ರಾಮಾಣಿಕರು ನೋಡಿ.” ನೋಟರಿ ಮರಳು ಉದುರಿಸಿ ಶಾಯಿ ಆರಿಸಿದ. “ಅಂದ ಹಾಗೆ, ಸುಳ್ಳು ಪ್ರಮಾಣ ಮಾಡ್ದೋರನ್ನ ಈಗ ರಾಜರ ಹಡಗಲ್ಲಿ ಸರಪಳಿ ಹಾಕಿ ಹುಟ್ಟು ಹಾಕಿಸ್ತಾರೆ.”

ಬಲ್ತಸಾರ್ ಅಂಗಳಕ್ಕೆ ಓಡಿದ. ಮೆನ್ಸಿಯಾ ಶಾಲು ಹೊದ್ದು ಹೊರಟಿದ್ದಳು. ಅವನು ಕೆಸರಿಗೆ ಮೊಣಕಾಲೂರಿ, ಅವಳ ಸೆರಗು ಹಿಡಿದು, ಊರೆಲ್ಲ ಕೇಳುವಂತೆ “ಅವ್ವಾ!” ಎಂದ.

ಮುದುಕಿ ಹಿಂದಿರುಗಿ, ಬಾಗಿಲಲ್ಲಿ ನಿಂತಿದ್ದ ನೋಟರಿಯನ್ನು ಕೇಳಿದಳು: “ಈ ಸಾಹೇಬರು ಯಾರನ್ನ ಕರೀತಿದಾರೆ ಸ್ವಾಮಿ?”